ಚಿಲ್ಲರೆ ಬಾಕಿ

ಮಾಗಡಿ ರಸ್ತೆ, ಬೇಕರಿಯ ಮೇಲಿನ ಎರಡನೇ ಮಹಡಿ.
ಹನ್ನೆರಡು ಕಂಪ್ಯೂಟರ್, ಒಂದೇ ಒಂದು ಕಿಟಕಿ,
ಅದಕ್ಕೂ ಅರ್ಧ ರಟ್ಟು ಬಡಿದಿದ್ದಾರೆ.
ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ಘಮ ಮೆಟ್ಟಿಲು ಹತ್ತಿ ಬರುತ್ತದೆ.
ಇವತ್ತು ನನ್ನ ಹೊಟ್ಟೆಗೆ ಅದೂ ಸೇರದು.

ಹನ್ನೊಂದು, ಹನ್ನೊಂದು.
ಇನ್ನೆರಡು ಸುತ್ತು ಯಾರು ಮೊದಲು ಗೆದ್ದರೆ ಅವರು ಫೈನಲ್ಲಿಗೆ.
ಬಲಗೈ ಬೆರಳು ಫ್ರಿಜ್ಜಿನಿಂದ ತೆಗೆದ ಬೆಂಡೆಕಾಯಿ.
ಮೌಸು ಬೆವರಿದೆ, ಅಥವಾ ನಾನು.
ಎದೆಯೊಳಗೆ ಯಾರೋ ಗ್ರೈಂಡರ್ ಹಾಕಿದ್ದಾರೆ,
ಅಕ್ಕಿಯಿಲ್ಲ, ಉದ್ದಿಲ್ಲ,
ಬರೀ ಕಲ್ಲಿನ ಮೇಲೆ ಕಲ್ಲು.

ಎದುರು ಸಾಲಿನ ಹುಡುಗ ತಲೆ ಎತ್ತಿ,
‘ಏನಮ್ಮಾ ಗೊಜ್ಜು, ಅಡುಗೆಮನೆ ಆ ಕಡೆ’ ಎಂದ.
ಗೊಜ್ಜು ನನ್ನ ಆಟದ ಹೆಸರು. ನಾನೇ ಇಟ್ಟುಕೊಂಡಿದ್ದು.
ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು.
ಅಲ್ಲಿ ಸ್ಟಾಪಿರಲಿಲ್ಲ.

ನಮ್ಮಮ್ಮ ಕಂಡಕ್ಟರು.
ಒಮ್ಮೆ ಸಂಜೆ ಆರೂವರೆಗೆ, ಮಾರ್ಕೆಟ್ಟಿನ ಬಸ್ಸಿನಲ್ಲಿ,
ಅವಳಿಗೆ ಗೊತ್ತಾಗದ ಹಾಗೆ ಹಿಂದಿನ ಸೀಟಿನಿಂದ ನೋಡಿದ್ದೆ.
ತೊಂಬತ್ತು ಜನ, ಒಬ್ಬರ ಉಸಿರು ಒಬ್ಬರ ಕತ್ತಿಗೆ,
ಒಬ್ಬ ಐನೂರರ ನೋಟು ಬೀಸುತ್ತಾನೆ, ಒಬ್ಬ ಬೈಯುತ್ತಾನೆ,
ಮಗು ಅಳುತ್ತದೆ, ಬ್ರೇಕು ಬೀಳುತ್ತದೆ.
ಅವಳು ಕಂಬಕ್ಕೆ ಸೊಂಟ ಆನಿಸಿ
ಒಂದು ಮುಖ ನೋಡುತ್ತಾಳೆ. ಒಂದೇ.
‘ಎಲ್ಲಿಗೆ?’
ಆಮೇಲೆ ಪಕ್ಕದ ಮುಖ. ‘ಎಲ್ಲಿಗೆ?’
ಕೊಡಲು ಚಿಲ್ಲರೆ ಇಲ್ಲವೋ, ಜಗಳವೂ ಇಲ್ಲ.
ಟಿಕೆಟ್ಟಿನ ಬೆನ್ನಿಗೆ ಗೀಚಿ ಕೊಡುತ್ತಾಳೆ:
ಇಳಿಯುವಾಗ ಕೇಳಿ.

ನಕ್ಷೆಯ ಇಂಗ್ಲಿಷ್ ಹೆಸರು ನಮ್ಮ ತಂಡದ ಬಾಯಿಗೆ ಹೊರಳುವುದಿಲ್ಲ.
ಇಕ್ಕಟ್ಟಿನ ಓಣಿ ಗೊರಗುಂಟೆಪಾಳ್ಯ,
ಮೆಟ್ಟಿಲ ಕೆಳಗಿನ ಕತ್ತಲೆ ಮೆಜೆಸ್ಟಿಕ್ಕಿನ ಸಬ್‌ವೇ,
ಎತ್ತರದ ಕಟ್ಟೆ ಮೇಖ್ರಿ ಸರ್ಕಲ್ಲು.
‘ಸಬ್‌ವೇಲೊಬ್ಬ!’ ಇಮ್ತಿಯಾಜ್ ಕೂಗಿದ, ಸತ್ತ.
‘ಗೊರಗುಂಟೇಲಿ ಫುಲ್ ಜಾಮು’ ಅಂದ ಅರುಳ್. ಅವನೂ.
ತಿಪ್ಪೇಶ ಸಾಯುವಾಗ ಏನೂ ಹೇಳಲಿಲ್ಲ,
ಕುರ್ಚಿ ಮಾತ್ರ ಕಿರ್ರೆಂದಿತು.
ಉಳಿದವಳು ನಾನು. ಅವರು ಮೂವರು.

ಕಳೆದ ಸುತ್ತಿನಲ್ಲಿ ಕೈಯಳತೆಯವನಿಗೆ ಗುರಿ ತಪ್ಪಿದ್ದೆ.
ಆ ನಾಚಿಕೆ ಫುಟ್‌ಬೋರ್ಡಿನಲ್ಲಿ ಜೋತುಬಿದ್ದು
ಕೊಡು, ಈಗಲೇ ಕೊಡು ಎನ್ನುತ್ತಿತ್ತು.
ಬರೆದುಕೊಟ್ಟೆ.
ಆ ಹುಡುಗನ ಅಡುಗೆಮನೆಯನ್ನೂ ಬರೆದೆ.
ಸೋತರೆ ಅರುಳ್ ಮುಖ ಹೇಗಿದ್ದೀತು, ಅದನ್ನೂ,
ಅಕ್ಷರ ಸಣ್ಣ ಮಾಡಿ, ಅಂಚಿನಲ್ಲಿ.

ಚಪ್ಪಲಿ ಬಿಟ್ಟ ಪಾದ ನೆಲಕ್ಕೂರಿದೆ. ಮೊಸಾಯಿಕ್ಕಿನ ತಂಪು.
ಉಸಿರನ್ನು ಒಳಗೆ ಬಂದುದಕ್ಕಿಂತ ಉದ್ದಕ್ಕೆ ಹೊರಗೆ ಬಿಟ್ಟೆ.
ಎಡಕ್ಕೆ ಹೆಜ್ಜೆ ಸಪ್ಪಳ.
ಎಲ್ಲಿಗೆ?
ಒಂದು.
ಎಲ್ಲಿಗೆ?
ಎರಡು.
ಮೂರನೆಯವನು ಮೇಖ್ರಿಯ ಮೇಲೆ ಕೂತು ನನ್ನನ್ನು ಹೊಡೆದ.
ಬೆರಳು ನಡುಗಿರಲಿಲ್ಲ. ಅವನು ನನಗಿಂತ ಚೆನ್ನಾಗಿ ಆಡಿದ, ಅಷ್ಟೇ.

ಆಮೇಲಿನ ಎರಡೂ ಗೆದ್ದೆವು ಎನ್ನಲು ಆಸೆ.
ಒಂದು ಗೆದ್ದೆವು.

ರಾತ್ರಿ ಹತ್ತೂವರೆಗೆ, ಮನೆಯಲ್ಲಿ,
ಅನ್ನ ಕಲಸುವಾಗ ಶುರುವಾಯಿತು ನಡುಕ,
ಬರೆದುಕೊಟ್ಟವರೆಲ್ಲ ಒಟ್ಟಿಗೇ ಇಳಿದು
ಬಾಗಿಲಲ್ಲಿ ಕೈಚಾಚಿ ನಿಂತ ಹಾಗೆ.
ಅಮ್ಮ ಬಂದಳು. ಬ್ಯಾಗಿಳಿಸಿ, ನೀರು ಬಗ್ಗಿಸಿಕೊಂಡಳು.
ಲೋಟ ಅವಳ ಹಲ್ಲಿಗೆ ತಾಗಿ ಟಕಟಕ ಎಂದಿತು.
ಇಷ್ಟು ವರ್ಷ ನಾನದನ್ನು
ಚಳಿ ಎಂದುಕೊಂಡಿದ್ದೆ.

‘ಗೆದ್ಯಾ?’
‘ಇಲ್ಲ.’
‘ಎಷ್ಟಕ್ಕೆ?’
‘ಹನ್ನೆರಡು, ಹದಿಮೂರು.’
‘ಒಂದಾ,’ ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು.
‘ಚಿಲ್ಲರೆ.’